ಅನ್ನದ ಮೇಜಿನ ಸುತ್ತ

ಆಮ್‌ಸ್ಟರ್‌ಡ್ಯಾಮ್ ನೋಡಿ ಬಂದವರು ಕಾಲುವೆಗಳ ಬಗ್ಗೆ ಹೇಳುತ್ತಾರೆ, ಸೈಕಲ್ಲುಗಳ ಬಗ್ಗೆ ಹೇಳುತ್ತಾರೆ, ಟ್ಯುಲಿಪ್ ಹೂವಿನ ಫೋಟೋ ತೋರಿಸುತ್ತಾರೆ. ಊಟ ಹೇಗಿತ್ತು ಎಂದು ಕೇಳಿದರೆ ಮಾತ್ರ ಮುಖ ಸಪ್ಪೆಯಾಗುತ್ತದೆ. ಡಚ್ಚರ ಸ್ವಂತ ಅಡುಗೆ ಇರುವುದೇ ಹಾಗೆ. ಮಧ್ಯಾಹ್ನಕ್ಕೆ ಬ್ರೆಡ್ಡು ಮತ್ತು ಚೀಸು, ರಾತ್ರಿಗೆ ಬೇಯಿಸಿ ಜಜ್ಜಿದ ಆಲೂಗಡ್ಡೆ, ಅದಕ್ಕೊಂದಿಷ್ಟು ಸೊಪ್ಪು. ಆದರೆ ಅದೇ ಡಚ್ಚರು ಹೊರಗೆ ಉಣ್ಣಲು ಹೊರಟರೆ ಅವರಿಗೆ ಬೇಕಾಗುವುದು ನೆಲಗಡಲೆಯ ಗೊಜ್ಜು ಸುರಿದ ಸಾತೆ, ತೆಂಗಿನ ಹಾಲಿನಲ್ಲಿ ಬೆಂದ ಮಾಂಸ, ಸಂಬಾಲ್ ಎಂಬ ಮೆಣಸಿನ ಚಟ್ನಿ. ರಸ್ತೆ ಬದಿಯ ಅಂಗಡಿಯಲ್ಲಿ ಆಲೂಗಡ್ಡೆ ಚಿಪ್ಸಿನ ಮೇಲೂ ಸಾತೆಯ ಗೊಜ್ಜು, ಮೇಯನೇಸ್, ಹಸಿ ಈರುಳ್ಳಿ ಸುರಿದು ಕೊಡುತ್ತಾರೆ. ಅದನ್ನು ಅವರು 'ಯುದ್ಧದ ಚಿಪ್ಸ್' ಎಂದು ಕರೆಯುತ್ತಾರೆ!

ನಗರಕ್ಕೆ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೇನ್‌ನಲ್ಲಿ ನಮ್ಮ ಮಗಳು ಮತ್ತು ಅಳಿಯ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾವು ಗಂಡ ಹೆಂಡತಿ ಮೂರು ತಿಂಗಳು ಅವರ ಜೊತೆಗಿದ್ದೆವು. ಆಗ ನೋಡಿದ ಮ್ಯೂಸಿಯಮ್ಮುಗಳು ಈಗ ನೆನಪಿನಲ್ಲಿ ಒಂದಕ್ಕೊಂದು ಕಲಸಿಹೋಗಿವೆ. ಕುಳಿತ ಊಟದ ಮೇಜುಗಳು ಮಾತ್ರ ಬೇರೆ ಬೇರೆಯಾಗಿಯೇ ಉಳಿದಿವೆ.

ಪರದೇಶದ ಹೋಟೆಲಿನ ಬಾಗಿಲಲ್ಲಿ ನಿಂತ ಮುಸ್ಲಿಮನಿಗೆ ಬೆಲೆ, ರುಚಿಗಳಿಗಿಂತ ಮೊದಲು ಇನ್ನೊಂದು ಪ್ರಶ್ನೆ ಏಳುತ್ತದೆ. ಮಾಂಸ ಹಲಾಲೇ? ಟರ್ಕಿ ಮತ್ತು ಮೊರಾಕ್ಕೋ ಮೂಲದವರು ವಾಸಿಸುವ ಬೀದಿಗಳಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ, ಗಾಜಿನ ಮೇಲೆಯೇ ಬರೆದಿರುತ್ತದೆ. ಇಂಡೋನೇಷ್ಯಾದ ಹೋಟೆಲಿನಲ್ಲಿ ಪ್ರಶ್ನೆಯೇ ಏಳದು ಎಂದು ಯಾರಾದರೂ ಭಾವಿಸಬಹುದು. ಇಪ್ಪತ್ತು ಕೋಟಿಗೂ ಹೆಚ್ಚು ಮುಸ್ಲಿಮರಿರುವ ದೇಶವಲ್ಲವೇ ಅದು? ಆದರೆ ಆ ದೇಶದ ಹೆಸರಿನಲ್ಲಿ ಹಾಲೆಂಡಿನ ಜನ ಎರಡು ಮೂರು ತಲೆಮಾರು ಅತಿ ಪ್ರೀತಿಯಿಂದ ತಿಂದ ಖಾದ್ಯ ಯಾವುದೆಂದರೆ 'ಬಾಬಿ ಪಂಗಾಂಗ್'. ಮಲಯ್ ಭಾಷೆಯಲ್ಲಿ ಬಾಬಿ ಎಂದರೆ ಹಂದಿ.

ಇದು ಹೇಗಾಯಿತು ಎಂಬುದು ಕೇಳಲು ಯೋಗ್ಯವಾದ ಕಥೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಡಗುಗಳಲ್ಲಿ ಬೆಂಕಿಗೂಡಿಗೆ ಕಲ್ಲಿದ್ದಲು ತುಂಬುತ್ತಿದ್ದ ಚೀನೀ ಕೆಲಸಗಾರರು ರಾಟರ್‌ಡ್ಯಾಮ್ ಮತ್ತು ಆಮ್‌ಸ್ಟರ್‌ಡ್ಯಾಮ್ ಬಂದರುಗಳಲ್ಲಿ ನೆಲೆಸಿದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಾಗ ಕೊರಳಿಗೆ ಡಬ್ಬ ಕಟ್ಟಿಕೊಂಡು ನೆಲಗಡಲೆಯ ಚಿಕ್ಕಿ ಮಾರಿ ಬದುಕಿದರು. ಎರಡನೆಯ ಮಹಾಯುದ್ಧದ ನಂತರ ಇಂಡೋನೇಷ್ಯಾ ಸ್ವತಂತ್ರವಾಯಿತು. 1945ರಲ್ಲಿ ಸುಕಾರ್ನೋ ಅದನ್ನು ಘೋಷಿಸಿದರು, ಡಚ್ಚರು ಯುದ್ಧ ಮಾಡಿ ಸೋತು ಸುಸ್ತಾಗಿ 1949ರ ಡಿಸೆಂಬರಿನಲ್ಲಿ ಒಪ್ಪಿಕೊಂಡರು. ಅಲ್ಲಿಂದ ಸೈನಿಕರು, ಅಧಿಕಾರಿಗಳು, ಡಚ್ ತಂದೆ ಮತ್ತು ಜಾವಾದ ತಾಯಿಗೆ ಹುಟ್ಟಿದವರ ಕುಟುಂಬಗಳು ಲಕ್ಷಗಟ್ಟಲೆ ಹಾಲೆಂಡಿಗೆ ಬಂದವು. ಚಳಿಯ ದೇಶಕ್ಕೆ ಬಂದವರಿಗೆ ನಾಸಿ, ಬಾಮಿ, ಸಾತೆ ಬೇಕಾಯಿತು. ಅದನ್ನು ಮಾಡಿಕೊಟ್ಟವರು ಚೀನೀ ಹೋಟೆಲಿನವರು. ಚೀನೀಯರಿಗೆ ಹಂದಿಮಾಂಸ ನಿತ್ಯದ್ದು, ಡಚ್ಚರಿಗೂ ಅಷ್ಟೇ. ಕೆಂಪಗಿನ ಸಿಹಿ ಹುಳಿ ಗೊಜ್ಜಿನಲ್ಲಿ ಹುರಿದ ಹಂದಿಯ ತುಂಡುಗಳು, ಅದಕ್ಕೊಂದು ಮಲಯ್ ಹೆಸರು. ಇಂಡೋನೇಷ್ಯಾದ ಮುಸ್ಲಿಂ ಮನೆಗಳಲ್ಲಿ ಯಾವ ಕಾಲಕ್ಕೂ ಬೇಯದಿದ್ದ ಪದಾರ್ಥ ಹೀಗೆ ಇಂಡೋನೇಷ್ಯಾದ ಗುರುತಾಗಿ ಕುಳಿತಿತು.

ಆ ಹೋಟೆಲುಗಳ ಬೋರ್ಡಿನಲ್ಲಿ 'ಚೀನೀಸ್-ಇಂಡಿಸ್' ಎಂದಿರುತ್ತದೆ. ಇಂಡಿಸ್ ಎಂದರೆ ನಮ್ಮ ಇಂಡಿಯಾ ಅಲ್ಲ, ಡಚ್ಚರು ಆಳಿದ ಪೂರ್ವದ್ವೀಪಗಳು. ಒಂದು ಕಾಲದಲ್ಲಿ ಹಾಲೆಂಡಿನ ಪ್ರತಿ ಸಣ್ಣ ಪಟ್ಟಣದಲ್ಲೂ ಇಂಥದ್ದೊಂದು ಇತ್ತು. ಭಾನುವಾರ ಜನ ಮನೆಯಿಂದ ಪಾತ್ರೆ ತಂದು ತುಂಬಿಸಿಕೊಂಡು ಹೋಗುತ್ತಿದ್ದರಂತೆ. ಈಗ ಒಂದೊಂದಾಗಿ ಮುಚ್ಚುತ್ತಿವೆ. ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ, ಅಪ್ಪ ಅಮ್ಮನಂತೆ ಹನ್ನೆರಡು ಗಂಟೆ ಬಾಣಲೆಯ ಮುಂದೆ ನಿಲ್ಲಲು ಅವರಿಗೆ ಮನಸ್ಸಿಲ್ಲ. 2021ರಲ್ಲಿ ಈ ಹೋಟೆಲುಗಳ ಸಂಸ್ಕೃತಿಯನ್ನು ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದರು. ನಾವು ಅಲ್ಲಿ ಉಣ್ಣಲಿಲ್ಲ. ಮಗಳು ಮೊದಲೇ ಎಲ್ಲ ವಿವರಿಸಿದ್ದಳು. ಆದರೆ ಆ ಕೆಂಪು ಕಾಗದದ ಗೂಡುದೀಪಗಳ ಕೆಳಗೆ ಹಾದುಹೋಗುವಾಗ ಹೇಸಿಗೆಯೇನೂ ಆಗಲಿಲ್ಲ. ಹಡಗಿನಿಂದ ಇಳಿದು ಚಿಕ್ಕಿ ಮಾರಿದವನ ಮೊಮ್ಮಗ ಗಲ್ಲಾದಲ್ಲಿ ಕುಳಿತಿದ್ದಾನೆ ಎಂದೇ ಅನಿಸಿತು.

ಚೀನೀಯರ ಬೀದಿ ಝೇಡೈಕ್‌ನಿಂದ ಐದಾರು ನಿಮಿಷ ನಡೆದರೆ ಔಡೆ ಹೋಗ್‌ಸ್ಟ್ರಾಟ್ ಎಂಬ ಓಣಿ. ಅಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಾಗಿದ್ದ ಕಟ್ಟಡವಿದೆ, ಈಗ ವಿಶ್ವವಿದ್ಯಾಲಯದ ವಶದಲ್ಲಿದೆ. 1602ರಲ್ಲಿ ಸ್ಥಾಪನೆಯಾದ ಆ ಕಂಪನಿ ಮೆಣಸು, ಲವಂಗ, ಜಾಯಿಕಾಯಿಗಳಿಂದ ಬೆಳೆದದ್ದು. ಕೆಳದಿ ನಾಯಕರ ಕಾಲದಲ್ಲಿ ನಮ್ಮ ಬಸ್ರೂರಿನಲ್ಲೂ ಅವರ ವ್ಯಾಪಾರದ ಕೋಠಿ ಇತ್ತು. ಬಸ್ರೂರಿನವರ ಅದೃಷ್ಟ, ಅಲ್ಲಿ ಜಾಯಿಕಾಯಿ ಬೆಳೆಯುತ್ತಿರಲಿಲ್ಲ. ಅದು ಆಗ ಬೆಳೆಯುತ್ತಿದ್ದುದು ಬಾಂಡಾ ದ್ವೀಪಗಳಲ್ಲಿ ಮಾತ್ರ. ಇತರರಿಗೂ ಮಾರಿದರು ಎಂಬ ಕಾರಣಕ್ಕೆ 1621ರಲ್ಲಿ ಯಾನ್ ಪೀಟರ್‌ಸೂನ್ ಕೂನ್ ಎಂಬ ಗವರ್ನರ್ ಜನರಲ್ ದಂಡೆತ್ತಿ ಹೋಗಿ ಅಲ್ಲಿನ ಜನರನ್ನು ಬಹುಪಾಲು ಮುಗಿಸಿಬಿಟ್ಟ. ಕೊಂದವರು ಕೆಲವರು, ಹಸಿವಿನಿಂದ ಸತ್ತವರು ಹಲವರು, ಉಳಿದವರು ಗುಲಾಮರಾದರು. ಆಮ್‌ಸ್ಟರ್‌ಡ್ಯಾಮಿನ ಹೆದ್ದಾರಿಯ ಒಂದು ಸುರಂಗಕ್ಕೆ ಇವನ ಹೆಸರೇ ಇದೆ. ನಾವೂ ಅದರೊಳಗೆ ಕಾರಿನಲ್ಲಿ ಹಾದುಹೋದೆವು. ಇಂದಿಗೂ ಡಚ್ ಗೃಹಿಣಿಯರು ಬೇಯಿಸಿದ ಹೂಕೋಸಿನ ಮೇಲೆ ಜಾಯಿಕಾಯಿ ತುರಿದು ಉದುರಿಸುತ್ತಾರೆ. ಅದರ ಚರಿತ್ರೆ ಅವರಿಗೆ ಗೊತ್ತಿರಬೇಕೆಂದೇನೂ ಇಲ್ಲ.

ಇಂಡೋನೇಷ್ಯಾದ ಊಟವನ್ನು ಅದರ ಪೂರ್ಣ ವೈಭವದಲ್ಲಿ ಉಣ್ಣಬೇಕೆಂದರೆ 'ರೈಸ್ಟಾಫೆಲ್' ಹೇಳಬೇಕು. ಪದದ ಅರ್ಥ ಅನ್ನದ ಮೇಜು. ನಡುವೆ ಅನ್ನ, ಸುತ್ತ ಹನ್ನೆರಡರಿಂದ ಇಪ್ಪತ್ತು ಪುಟ್ಟ ಬಟ್ಟಲುಗಳು. ಕೆಳಗೆ ಮೋಂಬತ್ತಿ ಉರಿಯುವ ತಗಡಿನ ಮೇಲೆ ಅವು ಬೆಚ್ಚಗಿರುತ್ತವೆ. ಇದು ಜಾವಾದವರ ರೂಢಿಯಲ್ಲ, ತೋಟದ ಡಚ್ ದೊರೆಗಳು ಕಟ್ಟಿಕೊಂಡ ದರ್ಬಾರು. ಬಟಾವಿಯಾದ, ಅಂದರೆ ಇಂದಿನ ಜಕಾರ್ತದ ಹೋಟೆಲ್ ದೆಸ್ ಇಂಡೆಸ್‌ನಲ್ಲಿ ಒಬ್ಬೊಬ್ಬ ಸೇವಕನ ಕೈಯಲ್ಲಿ ಒಂದೊಂದು ಖಾದ್ಯ, ಅವರ ಉದ್ದನೆಯ ಸಾಲು ಸಾಹೇಬರ ಮೇಜಿನ ಮುಂದೆ ಹಾದುಹೋಗುತ್ತಿತ್ತು. ಸ್ವಾತಂತ್ರ್ಯದ ನಂತರ ಇಂಡೋನೇಷ್ಯಾದವರು ಈ ಮೆರವಣಿಗೆಯನ್ನು ಹೆಚ್ಚುಕಡಿಮೆ ಕೈಬಿಟ್ಟರು. ಡಚ್ಚರು ಅದನ್ನು ತಮ್ಮ ದೇಶಕ್ಕೆ ತಂದು ಜೋಪಾನ ಮಾಡಿದರು.

ಕಾಲುವೆಯ ಬದಿಯ ಒಂದು ಹಳೆಯ ಮನೆಯಲ್ಲಿ ನಡೆಯುವ ಅಂಥ ಹೋಟೆಲಿಗೆ ಮಗಳು ನಮ್ಮನ್ನು ಕರೆದೊಯ್ದಳು. ಅಲ್ಲಿ ಕೋಳಿ ಮತ್ತು ದನದ ಮಾಂಸ ಹಲಾಲ್, ಹಂದಿ ಅಡುಗೆಮನೆಗೇ ಬರುವುದಿಲ್ಲ ಎಂದು ಫೋನಿನಲ್ಲೇ ಖಚಿತಪಡಿಸಿಕೊಂಡಿದ್ದಳು. ಬಡಿಸಲು ಬಂದವಳು ಪಶ್ಚಿಮ ಸುಮಾತ್ರದ ಪಡಾಂಗ್ ಊರಿನ ವಿದ್ಯಾರ್ಥಿನಿ, ತಲೆಗೆ ಸ್ಕಾರ್ಫ್ ಕಟ್ಟಿದ್ದಳು. ನಾವು ಸಲಾಮ್ ಹೇಳಿದೊಡನೆ ಅವಳ ಮುಖ ಅರಳಿತು. ಒಂದೊಂದು ಬಟ್ಟಲನ್ನೂ ಮುಟ್ಟಿ ಹೆಸರು ಹೇಳಿದಳು. ರೆಂಡಾಂಗ್ ಅವಳ ಊರಿನದ್ದು. ತೆಂಗಿನ ಹಾಲಿನಲ್ಲಿ ದನದ ಮಾಂಸವನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿಟ್ಟು, ಹಾಲು ಇಂಗಿ, ಎಣ್ಣೆ ಬಿಟ್ಟು, ಮಾಂಸ ಅದೇ ಎಣ್ಣೆಯಲ್ಲಿ ಕಪ್ಪಗೆ ಹುರಿದುಕೊಳ್ಳುವವರೆಗೂ ಬಿಡಬೇಕು. ಬಾಯಿಗಿಟ್ಟಾಗ ನಮ್ಮ ಕರಾವಳಿಯ ಸುಕ್ಕದ ದೂರದ ಸಂಬಂಧಿಯೊಬ್ಬ ಸಿಕ್ಕಂತಾಯಿತು. ಒಣ ಸಿಗಡಿಯ ವಾಸನೆಯ ಸಂಬಾಲ್ ಅಂತೂ ಮಳೆಗಾಲದ ನಮ್ಮ ಗಂಜಿಗೆ ಹೊಂದುವಂಥದ್ದು. ಈದ್‌ಗೆ ಅವರು ತೆಂಗಿನ ಗರಿಯನ್ನು ಪುಟ್ಟ ಬುಟ್ಟಿಯಂತೆ ಹೆಣೆದು, ಅದರೊಳಗೆ ಅಕ್ಕಿ ತುಂಬಿ ಬೇಯಿಸುತ್ತಾರೆ. ಅದು ಕೆತುಪಾತ್. ಮುಂಡುಗದ ಎಲೆ ಸುತ್ತಿ ನಾವು ಮಾಡುವ ಮೂಡೆಯ ಬಗ್ಗೆ ನಾವೂ ಹೇಳಿದೆವು. ಬಿದಿರಿನ ಕೊಳವೆಯಲ್ಲಿ ಹಬೆಯಲ್ಲಿ ಬೇಯುವ ಅಕ್ಕಿಹಿಟ್ಟಿನ ತಿಂಡಿಗೆ ಜಾವಾದಲ್ಲಿ ಪುಟು ಎನ್ನುತ್ತಾರಂತೆ. ನಮ್ಮಲ್ಲಿ ಪುಟ್ಟು ಎಂದಾಗ ಅವಳು ಜೋರಾಗಿ ನಕ್ಕಳು.

ಅವಳ ಊರಿನ ಹೋಟೆಲುಗಳಲ್ಲೂ ಗಿರಾಕಿ ಕುಳಿತೊಡನೆ ಹತ್ತಾರು ತಟ್ಟೆಗಳನ್ನು ತಂದು ಮೇಜಿನ ತುಂಬ ಇಡುತ್ತಾರೆ. ತಿಂದದ್ದಕ್ಕೆ ಹಣ, ಮುಟ್ಟದ್ದು ವಾಪಸು. "ಡಚ್ಚರು ನಮ್ಮಿಂದ ತಟ್ಟೆಗಳನ್ನು ಕಲಿತರು. ವಾಪಸು ತೆಗೆದುಕೊಳ್ಳುವುದನ್ನು ಕಲಿಯಲಿಲ್ಲ" ಎಂದಳು. ತಲೆಗೆ ನಲವತ್ತು ಯೂರೋ ಬಿಲ್ಲು ಬಂದಾಗ ಅವಳ ಮಾತಿನ ಅರ್ಥ ಇನ್ನಷ್ಟು ಸ್ಪಷ್ಟವಾಯಿತು. ಊಟ ಮಾತ್ರ ಆ ಬೆಲೆಗೆ ತಕ್ಕದ್ದೇ.

ಮೂರನೆಯ ಮೇಜು ಇಂದಿನ ಫ್ಯಾಷನ್ನಿನದು. ದ ಪೈಪ್ ಎಂಬ ಬಡಾವಣೆಯಲ್ಲಿ 'ಏಷ್ಯನ್ ಫ್ಯೂಶನ್' ಹೋಟೆಲುಗಳು ಬೀದಿಗೆರಡಿವೆ. ಸಿಮೆಂಟಿನ ಬರಿಗೋಡೆ, ತಲೆಯ ಮೇಲೆ ಜೋತುಬಿದ್ದ ಬಲ್ಬುಗಳು. ಡಚ್ಚರು ಬಿಯರಿನ ಜೊತೆ ತಿನ್ನುವ ಕರಿದ ಉಂಡೆಯೊಳಗೆ ರೆಂಡಾಂಗ್, ಮೆಕ್ಸಿಕೋದ ರೊಟ್ಟಿಯೊಳಗೆ ಕೊರಿಯಾದ ಉಪ್ಪಿನಕಾಯಿ, ಜಪಾನಿನ ಮಿಸೋ ಹಚ್ಚಿ ಸುಟ್ಟ ಬದನೆ. ಅಂಗೈಯಗಲದ ತಟ್ಟೆಯಲ್ಲಿ ಮೂರು ತುತ್ತು. ನಾವು ನಾಲ್ವರು ಹೋಗಿದ್ದೆವು. ಮಾಣಿ ಬಹಳ ವಿನಯದ ಹುಡುಗ, ನಮ್ಮ ಪ್ರಶ್ನೆ ಕೇಳಿ ಒಳಗೆ ಹೋಗಿ ವಿಚಾರಿಸಿಕೊಂಡು ಬಂದ. ಮಾಂಸ ಹಲಾಲ್ ಅಲ್ಲ. ಮೀನಿದೆ, ಆದರೆ ಅದಕ್ಕೆ ಹಚ್ಚುವ ರಸದಲ್ಲಿ ಮಿರಿನ್ ಎಂಬ ಅಕ್ಕಿಯ ಮದ್ಯವಿದೆ. ಬದನೆಗೂ ಅದನ್ನೇ ಹಚ್ಚುತ್ತಾರೆ. ಕೊನೆಗೆ ಗಾಡೊ-ಗಾಡೊ ಎಂಬ ತರಕಾರಿ ಮತ್ತು ನೆಲಗಡಲೆ ಗೊಜ್ಜಿನ ತಟ್ಟೆ, ಒಂದು ಬಟ್ಟಲು ಅನ್ನ, ಹುರಿದ ತೆಂಪೆ ನಮ್ಮ ಪಾಲಿಗೆ ಉಳಿದವು. ತೆಂಪೆ ಎಂದರೆ ಸೋಯಾ ಕಾಳನ್ನು ಹುದುಗಿಸಿ ಮಾಡುವ ಗಟ್ಟಿ. ನಾಲ್ವರಿಗೂ ಹೊಟ್ಟೆ ತುಂಬಲಿಲ್ಲ.

ಮಗಳ ಆಫೀಸಿನವರು ಆಗಾಗ ಊಟಕ್ಕೆ ಸೇರುವುದು ಅದೇ ಹೋಟೆಲಿನಲ್ಲಂತೆ. "ಅಲ್ಲಿ ನೀನು ಏನು ತಿನ್ನುತ್ತೀ?" ಎಂದು ಕೇಳಿದೆವು.

"ನಾನು ವೆಜಿಟೇರಿಯನ್ ಎಂದು ಹೇಳಿದ್ದೇನೆ ಉಮ್ಮ" ಎಂದಳು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವಳೇ ವಿವರಿಸಿದಳು. ಅಲ್ಲಿ ಸಸ್ಯಾಹಾರಿ ಎಂದರೆ ಮೆಚ್ಚುಗೆ ಸಿಗುತ್ತದೆ. ಪರಿಸರದ ಕಾಳಜಿ, ಪ್ರಾಣಿದಯೆ ಎಂದು ಜನ ತಲೆದೂಗುತ್ತಾರೆ. ಹಲಾಲ್ ಎಂದರೆ ಚರ್ಚೆ ಆರಂಭವಾಗುತ್ತದೆ. ಪ್ರಜ್ಞೆ ತಪ್ಪಿಸದೆ ಕೊಯ್ಯುವುದು ಸರಿಯೇ? ಸ್ಕಾರ್ಫ್ ಯಾಕೆ? ಟಿವಿಯಲ್ಲಿ ಹೀಗೆ ಹೇಳಿದರಲ್ಲ? 2011ರಲ್ಲಿ ಆ ದೇಶದ ಕೆಳಮನೆ ಪ್ರಜ್ಞೆ ತಪ್ಪಿಸದೆ ಮಾಡುವ ಧಾರ್ಮಿಕ ವಧೆಯನ್ನು ನಿಷೇಧಿಸುವ ಮಸೂದೆಯನ್ನು ಭಾರೀ ಬಹುಮತದಿಂದ ಅಂಗೀಕರಿಸಿತ್ತು. ಮುಸ್ಲಿಮರೂ ಯಹೂದಿಗಳೂ ವಿರೋಧಿಸಿದರು, ಮರುವರ್ಷ ಮೇಲ್ಮನೆ ಅದನ್ನು ತಳ್ಳಿಹಾಕಿತು. ಮಸೂದೆ ಬಿದ್ದರೂ ಚರ್ಚೆ ಸಾಯಲಿಲ್ಲ. 2023ರ ನವೆಂಬರಿನ ಚುನಾವಣೆಯಲ್ಲಿ ಗೀರ್ಟ್ ವಿಲ್ಡರ್ಸ್‌ನ ಪಕ್ಷ ಅತಿ ಹೆಚ್ಚು ಸ್ಥಾನ ಗೆದ್ದ ಮೇಲೆ ತನ್ನ ಮೇಜಿನ ಸುತ್ತ ಯಾರು ಅವನಿಗೆ ಮತ ಹಾಕಿರಬಹುದು ಎಂದು ಲೆಕ್ಕ ಹಾಕುವ ಚಾಳಿ ತನಗೆ ಅಂಟಿಕೊಂಡಿತು ಎಂದಳು. "ಊಟದ ಹೊತ್ತಿನಲ್ಲಿ ನಾನು ಇಡೀ ಸಮುದಾಯದ ವಕೀಲೆಯಾಗಿ ನಿಲ್ಲಬೇಕೇ? ಒಂದು ದಿನ ಸುಮ್ಮನೆ ಉಣ್ಣಬಾರದೇ?"

ಇದೇ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಡಿಗೆ ಮನೆಗಾಗಿ ಅಲೆದಿದ್ದಳು. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡುಗಳನ್ನು ಓದಿ ಹಿಂದಿರುಗಿ, ಹೆಸರು ಕೇಳಿದ ಮೇಲೆ ಆ ಬೋರ್ಡನ್ನು ಬಾಯಲ್ಲಿ ಹೇಳಿದವರ ಮನೆಗಳಿಂದಲೂ ಹಿಂದಿರುಗಿ, ಕೊನೆಗೆ ಎಲ್ಲೋ ಒಂದು ಕೋಣೆ ಹಿಡಿದಿದ್ದಳು. ಅಲ್ಲಿ ಯಾವ ಪದ ಅವಳ ಮುಖದ ಮೇಲೆ ಬಾಗಿಲು ಹಾಕಿತೋ ಅದೇ ಪದವನ್ನು ಇಲ್ಲಿ ಅವಳು ಹೊದ್ದುಕೊಂಡು ಕುಳಿತಿದ್ದಳು.

ನಮ್ಮಿಬ್ಬರಲ್ಲಿ ಈ ಬಗ್ಗೆ ಒಮ್ಮತವಿರಲಿಲ್ಲ, ಈಗಲೂ ಇಲ್ಲ. ಒಬ್ಬರ ವಾದ ಹೀಗಿದೆ: ಹರಾಮ್ ತಿನ್ನಲಿಲ್ಲ, ಯಾರಿಗೂ ಕೇಡು ಮಾಡಲಿಲ್ಲ, ಹೊಟ್ಟೆಪಾಡಿಗೆ ಬಂದ ಊರಿನಲ್ಲಿ ಮಗು ತನ್ನ ನೆಮ್ಮದಿ ನೋಡಿಕೊಂಡರೆ ತಪ್ಪೇನು? ಇನ್ನೊಬ್ಬರ ವಾದ: ತಿನ್ನದಿರುವುದು ಮುಖ್ಯವೇ, ಆದರೆ ಯಾಕೆ ತಿನ್ನುವುದಿಲ್ಲ ಎಂದು ಹೇಳಲಾಗದಿದ್ದರೆ ಆ ನೆಮ್ಮದಿ ಎಷ್ಟು ದಿನದ್ದು? ಮದ್ಯದ ಬಾಟಲಿಗಳಿರುವ ಮೇಜಿಗೆ ಹೋಗಿ ಕೂರಬೇಕೇ ಎಂಬ ಮಾತೂ ನಡುವೆ ಬಂತು. ಆ ರಾತ್ರಿ ಟ್ರಾಮಿನಲ್ಲಿ ಮನೆಗೆ ಮರಳುವಾಗ ಅಳಿಯ ಜಾಣತನದಿಂದ ಕಿಟಕಿಯ ಹೊರಗೆ ನೋಡುತ್ತಿದ್ದ. ಹೊರದೇಶವನ್ನು ದೂರುವ ಮೊದಲು ನಮ್ಮ ಊರನ್ನೂ ನೆನೆಯಬೇಕಲ್ಲ. 2022ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲೇ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕರೆ ಎದ್ದಿತ್ತು. ನಲವತ್ತು ವರ್ಷ ಒಂದೇ ಅಂಗಡಿಯಿಂದ ಕೋಳಿ ಒಯ್ಯುತ್ತಿದ್ದವರು ಆ ವಾರ ಬರಲೋ ಬೇಡವೋ ಎಂದು ರಸ್ತೆಯ ಆಚೆ ನಿಂತದ್ದನ್ನು ನಾವು ಕಂಡಿದ್ದೇವೆ. ಮರುವಾರ ಅವರಲ್ಲಿ ಹೆಚ್ಚಿನವರು ಬಂದದ್ದನ್ನೂ ಕಂಡಿದ್ದೇವೆ.

ನಾಲ್ಕನೆಯ ಮೇಜಿನ ಬಗ್ಗೆ ಹೇಳಲು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಒಮ್ಮೆ ಹೋಗಿ ಬರಬೇಕು. ಅದೂ ಡಚ್ಚರ ವಸಾಹತು, ಕಬ್ಬಿನ ತೋಟಗಳ ನಾಡು. ಅಲ್ಲಿ ಆಫ್ರಿಕಾದ ಗುಲಾಮರು ದುಡಿಯುತ್ತಿದ್ದರು. 1863ರಲ್ಲಿ ಗುಲಾಮಗಿರಿ ರದ್ದಾಯಿತು, ಆದರೂ ಹತ್ತು ವರ್ಷ ಅದೇ ತೋಟಗಳಲ್ಲಿ ಕಡ್ಡಾಯವಾಗಿ ದುಡಿಯಬೇಕೆಂಬ ಷರತ್ತು. ಅದು ಮುಗಿದ 1873ರಲ್ಲೇ ಕಲ್ಕತ್ತೆಯಿಂದ 'ಲಾಲ್ಲಾ ರೂಖ್' ಎಂಬ ಹಡಗು ಉತ್ತರಪ್ರದೇಶ, ಬಿಹಾರಗಳ ಕೂಲಿಗಳನ್ನು ಹೊತ್ತು ಪರಮಾರಿಬೊ ಬಂದರಿಗೆ ಬಂತು. 1916ರವರೆಗೆ ಹೀಗೆ ಹೋದವರು ಸುಮಾರು ಮೂವತ್ತನಾಲ್ಕು ಸಾವಿರ, ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. 1890ರಿಂದ ಜಾವಾದ ಕೂಲಿಗಳು, ಅವರೂ ಹೆಚ್ಚುಕಡಿಮೆ ಅಷ್ಟೇ ಮಂದಿ, ಬಹುತೇಕ ಮುಸ್ಲಿಮರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಇವರಲ್ಲಿ ದೊಡ್ಡ ಪಾಲು ಜನ ಹಾಲೆಂಡಿಗೆ ವಿಮಾನ ಹತ್ತಿದರು. ಜೊತೆಗೆ ಅಡುಗೆಯೂ ಬಂತು.

ಆಲ್ಬರ್ಟ್ ಕೌಪ್ ಸಂತೆಯ ಸುತ್ತ ಇವರ ಅಂಗಡಿಗಳಿವೆ. ಫಾರ್ಮೈಕಾ ಮೇಜು, ಗೋಡೆಗೆ ಕ್ಯಾಲೆಂಡರು, ಹನ್ನೆರಡು ಹದಿಮೂರು ಯೂರೋಗೆ ಒಬ್ಬರಿಗೆ ಹೆಚ್ಚಾಗುವಷ್ಟು ಊಟ. ಬೇಳೆ ಪುಡಿ ತುಂಬಿದ ಮೆತ್ತನೆಯ ರೊಟ್ಟಿ, ಮಸಾಲೆಯ ಕೋಳಿ, ಆಲೂಗಡ್ಡೆ, ನಮ್ಮ ಅಲಸಂಡೆಯಷ್ಟೇ ಉದ್ದದ ಅಲಸಂಡೆಯ ಪಲ್ಯ, ಒಂದು ಮೊಟ್ಟೆ. ಬಾರಾ ಎಂಬುದು ನಮ್ಮ ಉದ್ದಿನ ವಡೆಯೇ. ಆದರೆ ಹಿಟ್ಟಿಗೆ ಕೆಸುವಿನಂಥ ಎಲೆಯನ್ನು ಹೆಚ್ಚಿ ಹಾಕುತ್ತಾರೆ. ಪತ್ರೊಡೆಯೂ ವಡೆಯೂ ಒಂದೇ ಬಾಣಲೆಯಲ್ಲಿ ಬಿದ್ದ ಹಾಗೆ! ಅದರ ಪಕ್ಕದಲ್ಲೇ ಜಾವಾದ ಸಾತೆ, ಚೀನೀ ಶಾವಿಗೆ, ಆಫ್ರಿಕಾ ಮೂಲದವರ ಮರಗೆಣಸು. 'ಮೊಕ್ಸಿ' ಎಂಬ ಪದ ಪಟ್ಟಿಯಲ್ಲಿ ಪದೇ ಪದೇ ಕಾಣುತ್ತದೆ. ಗುಲಾಮರ ನಡುವೆ ಹುಟ್ಟಿದ ಸ್ರನನ್ ಭಾಷೆಯಲ್ಲಿ ಅದಕ್ಕೆ ಬೆರಕೆ ಎಂದರ್ಥ. ಹಿಂದಿನ ವಾರ ಮೂರು ತುತ್ತಿಗೆ ನಾವು ದುಡ್ಡು ಕೊಟ್ಟ ಫ್ಯೂಶನ್ ಕೂಡ ಬೆರಕೆಯೇ. ಇಲ್ಲಿನದನ್ನು ಕಲಸಿದವರು ಕೂಲಿ ಲೈನುಗಳಲ್ಲಿ ಒಬ್ಬರ ಒಲೆಯಿಂದ ಇನ್ನೊಬ್ಬರು ಕೆಂಡ ತಂದವರು, ಆದ್ದರಿಂದ ಬಾಯಿಗೆ ಹೊಂದುತ್ತದೆ. ಹೀಗೆಂದು ನಮ್ಮ ಅಭಿಪ್ರಾಯ, ಫ್ಯೂಶನ್ ಬಾಣಸಿಗರು ಕ್ಷಮಿಸಲಿ.

ನಾವು ಮತ್ತೆ ಮತ್ತೆ ಹೋದ ಅಂಗಡಿ ಜಾವಾ ಮೂಲದ ಸುರಿನಾಮಿನವರದ್ದು, ಮಾಂಸವೆಲ್ಲ ಹಲಾಲ್. ಗಲ್ಲಾದ ಬಳಿ ಕೂರುತ್ತಿದ್ದ ವೃದ್ಧರು ಒಂದು ಸಂಗತಿ ಹೇಳಿದರು. ಜಾವಾದಲ್ಲಿ ಕಿಬ್ಲಾ ಪಶ್ಚಿಮಕ್ಕೆ, ನಮ್ಮಲ್ಲಿದ್ದ ಹಾಗೆಯೇ. ಭೂಮಿಯ ಇನ್ನೊಂದು ಮಗ್ಗುಲಿಗೆ ಹಡಗಿನಲ್ಲಿ ಹೋದವರು ಸುರಿನಾಮಿನಲ್ಲೂ ಪಶ್ಚಿಮಕ್ಕೇ ತಿರುಗಿ ನಮಾಝ್ ಮಾಡಿದರು. ಅಲ್ಲಿಂದ ಮಕ್ಕಾ ಪೂರ್ವಕ್ಕಿದೆ ಎಂದು ಕೆಲವರು ಎತ್ತಿ ಹೇಳಿದಾಗ ಸಮುದಾಯ ಎರಡಾಯಿತು, ಪೂರ್ವದವರ ಮಸೀದಿ ಬೇರೆ, ಪಶ್ಚಿಮದವರ ಮಸೀದಿ ಬೇರೆ. ಅವರ ಅಜ್ಜ ಕೊನೆಯವರೆಗೂ ಪಶ್ಚಿಮದವರಾಗಿದ್ದರಂತೆ. "ನೀವು?" ಎಂದು ಕೇಳಿದೆವು. ಕೈಯಲ್ಲಿದ್ದ ಸೌಟನ್ನು ಫ್ರಿಜ್ಜಿನ ಮೂಲೆಯ ಕಡೆ ತೋರಿಸಿದರು, ಆಗ್ನೇಯಕ್ಕೆ. "ಮೊಮ್ಮಗಳು ಮೊಬೈಲಿನಲ್ಲಿ ನೋಡಿ ಹೇಳಿದ್ದಾಳೆ" ಎಂದರು.

ನಾವು ಹೊರಡುವ ಹಿಂದಿನ ವಾರ ಮಗಳು ತನ್ನ ತಂಡದವರನ್ನು ಆ ಅಂಗಡಿಗೆ ಕರೆದಳು. ನಾವೇನೂ ಹೇಳಿರಲಿಲ್ಲ. ಅವರು ಆರು ಮಂದಿ, ನಾವು ನಾಲ್ಕು, ಎರಡು ಮೇಜು ಜೋಡಿಸಿದರು. ಅವರಲ್ಲಿ ನಿಜವಾದ ಸಸ್ಯಾಹಾರಿ ಡಚ್ ಹುಡುಗನೊಬ್ಬನಿದ್ದ, ಅವನಿಗೆ ತೆಂಪೆ ಹಾಕಿದ ರೊಟ್ಟಿ ಬಂತು. ಮಗಳ ತಟ್ಟೆಯಲ್ಲಿ ಕೋಳಿ ಕಂಡು ಅವನು ಹುಬ್ಬೇರಿಸಿದ. "ನೀನೂ ನಮ್ಮ ಕಡೆಯವಳೆಂದು ತಿಳಿದಿದ್ದೆ" ಎಂದ.

"ಹಲಾಲ್ ಸಿಗದ ಕಡೆ ನಿಮ್ಮ ಕಡೆಯವಳು" ಎಂದಳು ಮಗಳು.

ಅವನು ಒಂದೆರಡು ಪ್ರಶ್ನೆ ಕೇಳಿದ, ಕೊಯ್ಯುವ ಬಗ್ಗೆಯೂ ಕೇಳಿದ. ಅವಳು ಉತ್ತರಿಸಿದಳು. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ, ಹಾಗೆಂದು ಹೇಳಿಯೂ ಹೇಳಿದ. ಅಷ್ಟರಲ್ಲಿ ಮೇಜಿನ ಆ ತುದಿಯಲ್ಲಿ ಯಾರೋ ಸಂಬಾಲನ್ನು ಟೊಮೆಟೊ ಗೊಜ್ಜು ಎಂದುಕೊಂಡು ಚಮಚ ತುಂಬ ಬಾಯಿಗಿಟ್ಟು ಕೆಮ್ಮತೊಡಗಿದರು. ವೃದ್ಧರು ನೀರು ಬೇಡ, ಅನ್ನ ತಿನ್ನಿ ಎಂದು ಕೂಗಿ ಹೇಳುತ್ತ, ಬಿಳಿ ಅನ್ನದ ತಟ್ಟೆ ಹಿಡಿದು ಗಲ್ಲಾದಿಂದ ಎದ್ದು ಬಂದರು.